ಹ್ಯಾವ್‌ಲಾಕ್‌ನಲ್ಲಿ ಸ್ಕೂಬಾ ಕಲಿಕೆ: ಬೆಂಗಳೂರಿನಿಂದ ಕಡಿಮೆ ಖರ್ಚಿನಲ್ಲಿ ಹೋಗಿಬರುವ ಸಮಗ್ರ ಮಾರ್ಗದರ್ಶಿ

ಅಂಡಮಾನ್‌ಗೆ ಹೋಗಿ ಸ್ಕೂಬಾ ಕಲಿಯುವುದೆಂದರೆ ಲಕ್ಷ ರೂಪಾಯಿಯ ಬಾಬತ್ತು ಎಂದು ಕೇಳಿಯೇ ಹಿಂದೆ ಸರಿಯುವವರು ಬಹಳ. ಪ್ಯಾಕೇಜ್ ತೆಗೆದುಕೊಂಡರೆ ಅಷ್ಟಾಗುವುದೂ ಉಂಟು. ಆದರೆ ಬೆಂಗಳೂರಿನಿಂದ ಹೊರಟು, ಹ್ಯಾವ್‌ಲಾಕ್‌ನಲ್ಲಿ ಓಪನ್ ವಾಟರ್ ಕೋರ್ಸ್ ಮುಗಿಸಿ, ಏಳನೇ ದಿನ ಮನೆ ಸೇರಲು ಒಬ್ಬರಿಗೆ 60ರಿಂದ 65 ಸಾವಿರ ಸಾಕು. ಡೈವ್ ಸೆಂಟರ್ ಜೊತೆ ಎಷ್ಟೇ ಚೌಕಾಸಿ ಮಾಡಿದರೂ ಒಂದೆರಡು ಸಾವಿರಕ್ಕಿಂತ ಹೆಚ್ಚು ಉಳಿಯುವುದಿಲ್ಲ. ದುಡ್ಡು ಸೋರುವ ಜಾಗಗಳು ಬೇರೆಯೇ ಇವೆ: ತಪ್ಪು ತಿಂಗಳು, ಕೊನೇ ಗಳಿಗೆಯ ವಿಮಾನ ಟಿಕೆಟ್, ಮನೆಯಲ್ಲೇ ಮಾಡಬಹುದಾದ ತಯಾರಿಯನ್ನು ದ್ವೀಪದಲ್ಲಿ ಬಾಡಿಗೆ ಕೊಟ್ಟು ಮಾಡುವುದು.

ಟ್ರೈ ಡೈವ್ ಸಾಕೋ, ಕೋರ್ಸ್ ಬೇಕೋ

ಹೊಸಬರಿಗೆ ಎರಡು ದಾರಿ. ಒಂದು, ಡಿಸ್ಕವರ್ ಸ್ಕೂಬಾ ಅಥವಾ ಟ್ರೈ ಡೈವ್. ಅರ್ಧ ದಿನದ ಕೆಲಸ, ಈಜು ಬರಬೇಕೆಂದಿಲ್ಲ. 12 ಮೀಟರ್ ಇದರ ಮಿತಿ, ನಮ್ಮಲ್ಲಿ ಸಾಮಾನ್ಯವಾಗಿ ಅಷ್ಟು ಆಳಕ್ಕೂ ಕರೆದೊಯ್ಯುವುದಿಲ್ಲ. ಇನ್‌ಸ್ಟ್ರಕ್ಟರ್ ಹಿಂದಿನಿಂದ ನಿಮ್ಮ ಸಿಲಿಂಡರ್ ಹಿಡಿದು ನಡೆಸುತ್ತಾರೆ, ನೀವು ಉಸಿರಾಡುತ್ತ ಮೀನು ನೋಡುತ್ತೀರಿ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಾದರೂ ಅಂಡಮಾನ್‌ನಲ್ಲಾದರೂ ನಾಲ್ಕೈದು ಸಾವಿರದ ಆಸುಪಾಸು.

ಇನ್ನೊಂದು, ಓಪನ್ ವಾಟರ್ ಕೋರ್ಸ್. ಮೂರರಿಂದ ನಾಲ್ಕು ದಿನ, ಸಮುದ್ರದಲ್ಲಿ ಕನಿಷ್ಠ ನಾಲ್ಕು ಡೈವ್. ಮುಗಿದ ಮೇಲೆ ಸಿಗುವ ಕಾರ್ಡ್ ತೋರಿಸಿ ಜಗತ್ತಿನ ಯಾವ ಊರಲ್ಲಾದರೂ ಜೊತೆಗಾರರೊಂದಿಗೆ 18 ಮೀಟರ್‌ವರೆಗೆ ಇಳಿಯಬಹುದು. ಕಾರ್ಡ್ ಕೊಡುವ ಸಂಸ್ಥೆ ಪ್ಯಾಡಿ ಆಗಲಿ ಎಸ್‌ಎಸ್‌ಐ ಆಗಲಿ, ಕಲಿಕೆ ಹೆಚ್ಚುಕಡಿಮೆ ಒಂದೇ. ಎರಡಕ್ಕೂ ಎಲ್ಲೆಡೆ ಮಾನ್ಯತೆ ಇದೆ. ಎಸ್‌ಎಸ್‌ಐ ಕೆಲವೆಡೆ ಸ್ವಲ್ಪ ಅಗ್ಗ, ಅದನ್ನೇ ತೆಗೆದುಕೊಳ್ಳಿ. ಹತ್ತು ವರ್ಷ ತುಂಬಿದ ಮಕ್ಕಳೂ ಜೂನಿಯರ್ ಕೋರ್ಸ್ ಮಾಡಬಹುದು.

ನಮ್ಮ ಸಲಹೆ ಇದು: ನೀರು ಒಗ್ಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ನೇತ್ರಾಣಿಯಲ್ಲಿ ಒಂದು ಟ್ರೈ ಡೈವ್ ಮಾಡಿ ನೋಡಿ. ಮುರುಡೇಶ್ವರಕ್ಕೆ ಬೆಂಗಳೂರಿನಿಂದ ರೈಲಿದೆ, ಅಲ್ಲಿಂದ ದೋಣಿಯಲ್ಲಿ ದ್ವೀಪ 19 ಕಿಲೋಮೀಟರ್. ಇಷ್ಟವಾದರೆ ನೇರ ಕೋರ್ಸಿಗೆ ಹೋಗಿ. ವರ್ಷಕ್ಕೊಂದು ಊರಲ್ಲಿ ಟ್ರೈ ಡೈವ್ ಮಾಡುತ್ತ ಹೋಗುವುದು ಶುದ್ಧ ನಷ್ಟ. ಐದಾರು ಸಲಕ್ಕೆ ಕೋರ್ಸಿನ ದುಡ್ಡೇ ಖರ್ಚಾಗಿರುತ್ತದೆ, ಕಲಿತದ್ದು ಮಾತ್ರ ಏನೂ ಇರುವುದಿಲ್ಲ.

ಎಲ್ಲಕ್ಕಿಂತ ಮೊದಲು ಆರೋಗ್ಯದ ಫಾರಂ

ಟಿಕೆಟ್ ತೆಗೆಯುವ ಮುಂಚೆಯೇ ಡೈವ್ ಸೆಂಟರ್‌ನಿಂದ ಮೆಡಿಕಲ್ ಪ್ರಶ್ನಾವಳಿಯನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಕಿವಿ ಅಥವಾ ಸೈನಸ್ ಶಸ್ತ್ರಚಿಕಿತ್ಸೆ, ಶ್ವಾಸಕೋಶ ಕುಸಿದ ಇತಿಹಾಸ, ಬಿಪಿ, ಸಕ್ಕರೆ ಕಾಯಿಲೆ ಎಲ್ಲವನ್ನೂ ಕೇಳಿರುತ್ತಾರೆ. ‘ಹೌದು’ ಎಂದ ಉತ್ತರ ವೈದ್ಯರ ಸಹಿಯನ್ನು ಬೇಡಿದರೆ, ಅದಿಲ್ಲದೆ ನೀರಿಗೆ ಬಿಡುವಂತಿಲ್ಲ. ಗರ್ಭಿಣಿಯರು ಇಳಿಯಲೇಬಾರದು.

ಹೆಚ್ಚಿನವರು ಈ ಫಾರಂ ನೋಡುವುದು ದ್ವೀಪ ಮುಟ್ಟಿದ ಮೇಲೆ. ಆಗ ಸಹಿಗಾಗಿ ಡಾಕ್ಟರನ್ನು ಹುಡುಕುತ್ತ ಒಂದು ದಿನ ಹೋಗುತ್ತದೆ, ಇಲ್ಲವೇ ಸುಳ್ಳು ಬರೆದು ಇಳಿಯುತ್ತಾರೆ. ಎರಡನೆಯದು ಜೀವಕ್ಕೇ ಅಪಾಯ: ಆಸ್ತಮಾದಲ್ಲಿ ಶ್ವಾಸನಾಳ ಬಿಗಿದುಕೊಂಡರೆ ಮೇಲೆ ಬರುವಾಗ ಹಿಗ್ಗುವ ಗಾಳಿಗೆ ಹೊರಬರಲು ದಾರಿಯಿಲ್ಲದೆ ಶ್ವಾಸಕೋಶ ಹರಿಯಬಹುದು. ಕಿವಿಯ ತೊಂದರೆ ಯಾವಾಗಲಾದರೂ ಬಂದಿದ್ದರೆ ಊರಲ್ಲೇ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಯಾವ ತಿಂಗಳು, ಯಾವ ಜಾಗ

ಅಂಡಮಾನ್ ಸಮುದ್ರಕ್ಕೆ ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಅದರೊಳಗೂ ಫೆಬ್ರವರಿ, ಮಾರ್ಚ್, ಏಪ್ರಿಲ್ ಮೊದಲಾರ್ಧ ನಮ್ಮ ಆಯ್ಕೆ. ಅಲೆ ಕಡಿಮೆ, ನೀರು ತಿಳಿ, ಕ್ರಿಸ್‌ಮಸ್-ಹೊಸವರ್ಷದ ನೂಕುನುಗ್ಗಲು ಮುಗಿದು ಕೋಣೆ ಬಾಡಿಗೆ ಇಳಿದಿರುತ್ತದೆ. ಡಿಸೆಂಬರ್ 20ರಿಂದ ಜನವರಿ 5ರವರೆಗೆ ಹೋಗುವುದೇ ಬೇಡ. ಅದೇ ವಿಮಾನ, ಅದೇ ಕೋಣೆಗೆ ಒಂದೂವರೆ-ಎರಡು ಪಟ್ಟು ಕೊಡಬೇಕಾಗುತ್ತದೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು. ಕೋಣೆ ಅಗ್ಗ, ಆದರೆ ದೋಣಿ ಹೊರಡುತ್ತದೆಂಬ ಭರವಸೆಯಿಲ್ಲ.

ರಜೆ ಸಿಗುವುದೇ ಜೂನ್-ಆಗಸ್ಟ್‌ನಲ್ಲಿ ಎನ್ನುವವರು ಥಾಯ್ಲೆಂಡಿನ ಕೊಹ್ ಟಾವ್ ನೋಡಬಹುದು. ಅದಿರುವುದು ಥಾಯ್ಲೆಂಡ್ ಕೊಲ್ಲಿಯೊಳಗೆ. ಅಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್, ಹಾಗಾಗಿ ನಮ್ಮ ಸಮುದ್ರ ಮುಚ್ಚಿದಾಗ ಅದು ತೆರೆದಿರುತ್ತದೆ. ಕೋರ್ಸು ಸುಮಾರು 10ರಿಂದ 12 ಸಾವಿರ ಬಾತ್, ಎಷ್ಟೋ ಕಡೆ ಡಾರ್ಮಿಟರಿ ಹಾಸಿಗೆಯೂ ಅದರಲ್ಲೇ ಸೇರಿರುತ್ತದೆ. ಬ್ಯಾಂಕಾಕ್‌ನಿಂದ ರಾತ್ರಿ ಬಸ್ಸು ಅಥವಾ ರೈಲಿನಲ್ಲಿ ಚುಂಫೋನ್, ಅಲ್ಲಿಂದ ದೋಣಿ. ಪುದುಚೇರಿಯಲ್ಲೂ ಕೋರ್ಸ್ ಉಂಟು, ಬಸ್ಸಿನಲ್ಲೇ ಹೋಗಬಹುದು. ನೀರು ಎಷ್ಟು ತಿಳಿಯಿರುತ್ತದೆ ಎಂಬುದು ಮಾತ್ರ ದಿನದಿಂದ ದಿನಕ್ಕೆ ಬದಲಾಗುತ್ತದೆ. ಲಕ್ಷದ್ವೀಪ ಸುಂದರವೇನೋ ಹೌದು, ಪರವಾನಗಿ ಮತ್ತು ವಸತಿಯ ಖರ್ಚು ನೋಡಿದರೆ ಈ ಬಜೆಟ್ಟಿನದಲ್ಲ.

ಅಂಡಮಾನ್‌ನೊಳಗೆ ಹ್ಯಾವ್‌ಲಾಕ್ ಏಕೆಂದರೆ ಡೈವ್ ಸೆಂಟರ್‌ಗಳು ಅಲ್ಲೇ ಹೆಚ್ಚು. ಪೈಪೋಟಿಯಿಂದ ದರ ಹತೋಟಿಯಲ್ಲಿರುತ್ತದೆ, ಕಲಿಯಲು ನೀಮೋ ರೀಫ್‌ನಂಥ ದಡಕ್ಕೆ ಹತ್ತಿರದ ಆಳವಿಲ್ಲದ ಜಾಗವೂ ಇದೆ. ಬುಕ್ ಮಾಡುವಾಗ ಹೆಸರು ನೋಡಿ ಗಲಿಬಿಲಿಯಾಗಬೇಡಿ: 2018ರ ಡಿಸೆಂಬರ್‌ನಿಂದ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ಪಕ್ಕದ ನೀಲ್ ಶಹೀದ್ ದ್ವೀಪ, 2024ರ ಸೆಪ್ಟೆಂಬರ್‌ನಿಂದ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ. ವೆಬ್‌ಸೈಟ್‌ಗಳಲ್ಲಿ ಎರಡೂ ಹೆಸರು ಓಡುತ್ತಿವೆ.

ಊರಲ್ಲೇ ಮುಗಿಸಬೇಕಾದ ಮೂರು ಕೆಲಸ

ಎರಡು ತಿಂಗಳು ಮೊದಲೇ ಶುರುಮಾಡಿ.

ಈಜು: ಕೋರ್ಸಿನಲ್ಲಿ ಯಾವುದೇ ಶೈಲಿಯಲ್ಲಿ, ನಿಲ್ಲದೆ 200 ಮೀಟರ್ ಈಜಬೇಕು, ಸಮಯದ ಮಿತಿಯಿಲ್ಲ. 25 ಮೀಟರ್ ಕೊಳದಲ್ಲಾದರೆ ಎಂಟು ಸಲ. ಜೊತೆಗೆ ಹತ್ತು ನಿಮಿಷ ಏನೂ ಹಿಡಿಯದೆ ತೇಲಬೇಕು. ಬಾವಿ, ಕೆರೆಯಲ್ಲಿ ಕಲಿತವರಿಗೆ ತೇಲುವುದು ಸಲೀಸು, ಉಸಿರು ಲಯಕ್ಕೆ ಬಂದಿರುವುದಿಲ್ಲ. ಕೊಳದಲ್ಲಿ ಕಲಿತವರಿಗೆ ಇದರ ತಿರುಗಾಮುರುಗಾ. ಯಾವುದು ಕಡಿಮೆಯೋ ಅದನ್ನು ಅಭ್ಯಾಸ ಮಾಡಿ.

ಪಾಠ: ಆನ್‌ಲೈನ್ ಥಿಯರಿಗೆ ಎಂಟರಿಂದ ಹನ್ನೆರಡು ಗಂಟೆ ಬೇಕು. ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಕೊಂಡು ಮನೆಯಲ್ಲೇ ಮುಗಿಸಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಅಂಡಮಾನ್‌ನ ನೆಟ್‌ವರ್ಕ್ ಸುಧಾರಿಸಿದೆ ನಿಜ, ಆದರೂ ಹ್ಯಾವ್‌ಲಾಕ್‌ನಲ್ಲಿ ಕೂತು ವಿಡಿಯೋ ಪಾಠ ನೋಡುವ ಲೆಕ್ಕ ಹಾಕಬೇಡಿ.

ಮೂಗು: ಹೊಸಬರು ಗಾಬರಿಯಾಗುವುದು ಕಣ್ಣು-ಮೂಗು ಮುಚ್ಚುವ ಡೈವಿಂಗ್ ಮಾಸ್ಕ್‌ನೊಳಗೆ ನೀರು ಬಂದಾಗ. ಮೂಗಿಗೆ ನೀರು ತಾಗಿದ ಕೂಡಲೇ ದೇಹ ಮೂಗಿನಿಂದಲೇ ಉಸಿರೆಳೆಯಲು ನೋಡುತ್ತದೆ. ಇದನ್ನು ಒಂದು ಬಕೆಟ್ ನೀರು ಮತ್ತು ಐನೂರು ರೂಪಾಯಿಯ ಉಸಿರಾಟದ ಕೊಳವೆ, ಅಂದರೆ ಸ್ನಾರ್ಕೆಲ್‌ನಿಂದ ತಿದ್ದಬಹುದು. ಮಾಸ್ಕ್ ಹಾಕದೆ, ಮೂಗು ಮುಚ್ಚದೆ ಮುಖ ಮುಳುಗಿಸಿ, ಸ್ನಾರ್ಕೆಲ್‌ನಿಂದ ಬಾಯಲ್ಲೇ ಉಸಿರಾಡಿ. ಮೊದಲ ದಿನ ಹತ್ತು ಸೆಕೆಂಡಿಗೇ ತಲೆ ಎತ್ತುತ್ತೀರಿ. ಎರಡು ನಿಮಿಷ ನೆಮ್ಮದಿಯಾಗಿ ಇರಲು ಬಂದ ದಿನ ಕೋರ್ಸಿನ ಕಷ್ಟದ ಪಾಠ ಅರ್ಧ ಮುಗಿಯಿತೆನ್ನಿ. ಮನೆಯಲ್ಲಿ ಇನ್ನೊಬ್ಬರು ಪಕ್ಕದಲ್ಲಿರಲಿ.

ಡೈವ್ ಸೆಂಟರ್‌ಗೆ ಕೇಳುವ ಪ್ರಶ್ನೆಗಳು

ಮೂರು ಸೆಂಟರ್‌ಗಳಿಗೆ ಬರೆದು, ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ವಿದ್ಯಾರ್ಥಿಗಳು? ಪ್ಯಾಡಿ ನಿಯಮ ಎಂಟರವರೆಗೆ ಬಿಡುತ್ತದೆ; ನಾಲ್ಕಕ್ಕಿಂತ ಹೆಚ್ಚಾದರೆ ನಿಮ್ಮ ಸರದಿಗಾಗಿ ನೀರಿನ ತಳದಲ್ಲಿ ಕಾಯುತ್ತ ಕೂರಬೇಕಾಗುತ್ತದೆ. ಹೇಳಿದ ದರದಲ್ಲಿ ಆನ್‌ಲೈನ್ ಪಾಠ, ಕಾರ್ಡಿನ ಶುಲ್ಕ, ಸಲಕರಣೆ, ತೆರಿಗೆ ಎಲ್ಲ ಸೇರಿದೆಯೇ? 24 ಸಾವಿರ ಎಂದವರು ಕೊನೆಗೆ 32 ಸಾವಿರ ಮಾಡುವುದು, 30 ಸಾವಿರ ಎಂದವರು 30ಕ್ಕೇ ನಿಲ್ಲುವುದು ಈ ಸಾಲಿನಲ್ಲೇ ಗೊತ್ತಾಗುತ್ತದೆ. ನಾಲ್ಕು ಡೈವ್‌ಗಳಲ್ಲಿ ದೋಣಿಯಿಂದ ಎಷ್ಟು, ದಡದಿಂದ ಎಷ್ಟು? ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯೇ? ಕಿವಿ ಕೈಕೊಟ್ಟರೆ ಅಥವಾ ಹವಾಮಾನ ಕೆಟ್ಟರೆ ಉಳಿದ ಡೈವ್‌ಗಳ ದುಡ್ಡೇನಾಗುತ್ತದೆ?

ಆಮ್ಲಜನಕದ ಪ್ರಶ್ನೆಗೆ ತಡವರಿಸುವವರನ್ನು ದರ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ.

ವಿಮೆಯ ವಿಷಯ: ಮಾಮೂಲಿ ಪ್ರಯಾಣ ವಿಮೆ ಎಷ್ಟೋ ಸಲ ಸ್ಕೂಬಾವನ್ನು ಹೊರಗಿಡುತ್ತದೆ, ಇಲ್ಲವೇ ಆಳದ ಮಿತಿ ಹಾಕುತ್ತದೆ. ಆ ಸಾಲನ್ನು ಹುಡುಕಿ ಓದಿ. ಡೈವರ್‌ಗಳಿಗೆಂದೇ ಇರುವ ‘ಡ್ಯಾನ್’ ಸಂಸ್ಥೆಯ ವಿಮೆಯೂ ಉಂಟು.

ಟಿಕೆಟ್ ಮತ್ತು ದಿನಗಳ ಜೋಡಣೆ

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನ ಹಿಡಿದರೆ ಮೂರು ಗಂಟೆಯೊಳಗೆ ತಲುಪಬಹುದು. ಎರಡು-ಮೂರು ತಿಂಗಳು ಮೊದಲೇ, ವಾರದ ನಡುವಿನ ದಿನ ನೋಡಿ ತೆಗೆಯಿರಿ. ಬೆಳಗಿನ ವಿಮಾನವೇ ಬೇಕು. 11 ಗಂಟೆಯೊಳಗೆ ಇಳಿದರೆ ಅದೇ ಮಧ್ಯಾಹ್ನದ ಹಡಗು ಸಿಗುತ್ತದೆ, ಪೋರ್ಟ್ ಬ್ಲೇರ್‌ನ ಒಂದು ರಾತ್ರಿ ಉಳಿಯುತ್ತದೆ.

ಹ್ಯಾವ್‌ಲಾಕ್‌ಗೆ ಖಾಸಗಿ ಹಡಗು ಒಂದು ಕಡೆಗೆ ಸುಮಾರು ಒಂದೂವರೆ ಸಾವಿರ, ಒಂದೂವರೆಯಿಂದ ಎರಡು ಗಂಟೆ. ಸರ್ಕಾರಿ ಹಡಗು ಇದಕ್ಕಿಂತ ಬಹಳ ಅಗ್ಗ, ಆದರೆ ಟಿಕೆಟ್‌ಗೆ ದ್ವೀಪದವರಿಗೆ ಮೊದಲ ಮಣೆ. ಹೋಗುವಾಗ ಖಾಸಗಿ, ಬರುವಾಗ ಸಮಯವಿದ್ದರೆ ಸರ್ಕಾರಿ ಎಂದಿಟ್ಟುಕೊಳ್ಳಿ. ಎರಡು ಹಡಗುಗಳು ಒಂದೇ ಜೆಟ್ಟಿಯಿಂದ ಹೊರಡದಿರಬಹುದು, ಟಿಕೆಟ್‌ನಲ್ಲಿ ಜೆಟ್ಟಿಯ ಹೆಸರು ನೋಡಿಯೇ ಆಟೋ ಹತ್ತಿ. ಗುರುತಿನ ಚೀಟಿ ಕೈಯಲ್ಲಿರಲಿ.

ಕೋಣೆಯನ್ನು ಗೋವಿಂದ ನಗರ ಅಥವಾ ವಿಜಯ ನಗರದಲ್ಲಿ, ಅಂದರೆ 3ನೇ ಮತ್ತು 5ನೇ ಬೀಚಿನ ಬದಿ, ಮಾಡಿ. ಚಿತ್ರದಲ್ಲಿ ಚೆಂದ ಕಾಣುವ ರಾಧಾನಗರ ಬೀಚು ದ್ವೀಪದ ಆಚೆ ಬದಿಗಿದೆ. ಇಲ್ಲಿ ಚಳಿಗಾಲದಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತದೆ, ಬೆಳಗ್ಗೆ ಆರೂವರೆಗೆಲ್ಲ ಡೈವ್ ಸೆಂಟರ್‌ನಲ್ಲಿ ಹಾಜರಿರಬೇಕು. ನಡೆದುಹೋಗುವ ದೂರದಲ್ಲಿದ್ದರೆ ಸ್ಕೂಟರ್ ಬಾಡಿಗೆಯೂ ಉಳಿಯಿತು.

1ನೇ ದಿನ ಪ್ರಯಾಣ. 2ನೇ ದಿನ ಆಳವಿಲ್ಲದ ನೀರಿನ ಅಭ್ಯಾಸ. 3 ಮತ್ತು 4ನೇ ದಿನ ತಲಾ ಎರಡು ಡೈವ್. 5ನೇ ದಿನ ಖಾಲಿ ಬಿಡಿ. ಈ ಖಾಲಿ ದಿನಕ್ಕೆ ಕತ್ತರಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಗಾಳಿ ಎದ್ದು ದೋಣಿ ನಿಂತರೆ, ನೆಗಡಿಯಿಂದ ಕಿವಿ ಕಟ್ಟಿದರೆ, ಕೋರ್ಸನ್ನು ಉಳಿಸುವುದು ಅದೊಂದೇ. ಎಲ್ಲ ಸುಸೂತ್ರವಾಗಿ ಮುಗಿದಿದ್ದರೆ ಅಂದು ಬೆಳಗ್ಗೆ ಎರಡು ಫನ್ ಡೈವ್, ಅಂದರೆ ಪಾಠವಿಲ್ಲದೆ ಸುಮ್ಮನೆ ಸುತ್ತಾಡುವ ಡೈವ್, ಮಾಡಬಹುದು. 6ನೇ ದಿನ ರಾಧಾನಗರ ನೋಡಿ ಮಧ್ಯಾಹ್ನ ಪೋರ್ಟ್ ಬ್ಲೇರ್‌ಗೆ. 7ನೇ ದಿನ ವಿಮಾನ.

ಒಬ್ಬರ ಲೆಕ್ಕ, ಅಂದಾಜು

- ವಿಮಾನ, ಹೋಗಿಬರಲು: 15,000
- ಹಡಗು, ಎರಡು ಕಡೆಗೆ: 3,000
- ಓಪನ್ ವಾಟರ್ ಕೋರ್ಸ್: 30,000
- ಕೋಣೆ, ಆರು ರಾತ್ರಿ, 1,200ರಂತೆ: 7,200
- ಊಟ-ತಿಂಡಿ, ಏಳು ದಿನ, 700ರಂತೆ: 4,900
- ಆಟೋ, ಸ್ಕೂಟರ್: 2,000
- ಇತರೆ: 2,500

ಒಟ್ಟು 64,600. ಕೋಣೆಯನ್ನು ಇಬ್ಬರು ಹಂಚಿಕೊಂಡರೆ 61,000. ಫನ್ ಡೈವ್‌ಗಳಿಗೆ, ಎರಡಕ್ಕೆ ಆರರಿಂದ ಎಂಟು ಸಾವಿರ ಬೇರೆ ತೆಗೆದಿಡಿ. ಊಟದ ಖರ್ಚು ರೆಸಾರ್ಟಿನಲ್ಲಿ ತಿಂದರೆ ಇಮ್ಮಡಿ. ದ್ವೀಪದಲ್ಲಿ ಬಂಗಾಳಿ ಕುಟುಂಬಗಳೇ ಹೆಚ್ಚು, ಮಾರ್ಕೆಟ್ಟಿನ ಸಣ್ಣ ಹೋಟೆಲುಗಳಲ್ಲಿ ಅನ್ನ, ಮೀನಿನ ಸಾರು ಚೆನ್ನಾಗಿರುತ್ತದೆ. ಸಸ್ಯಾಹಾರಿಗಳಿಗೆ ಬೇಳೆ, ಪಲ್ಯ, ಪೂರಿಗೆ ತೊಂದರೆಯಿಲ್ಲ. ಎಟಿಎಂ ನಂಬಬೇಡಿ, ಸ್ವಲ್ಪ ನಗದು ಪೋರ್ಟ್ ಬ್ಲೇರ್‌ನಲ್ಲೇ ತೆಗೆದುಕೊಳ್ಳಿ.

ಸಲಕರಣೆಯಲ್ಲಿ ಸ್ವಂತಕ್ಕೆ ಕೊಳ್ಳಬೇಕಾದದ್ದು ಮಾಸ್ಕ್ ಒಂದೇ, ಎರಡು-ಮೂರು ಸಾವಿರದ್ದು ಸಾಕು. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆದಾಗ ಕೈಬಿಟ್ಟರೂ ಅಂಟಿಕೊಂಡಿದ್ದರೆ ಅಳತೆ ಸರಿ. ಹೊಸ ಮಾಸ್ಕಿನ ಗಾಜಿನೊಳಗೆ ಕಾರ್ಖಾನೆಯ ಸಿಲಿಕೋನ್ ಪದರ ಉಳಿದಿರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯದಿದ್ದರೆ ಪ್ರತಿ ಸಲ ಮಂಜಾಗುತ್ತದೆ. ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ, ಪವರ್ ಇರುವ ಮಾಸ್ಕ್ ಬೇಕೆಂದು ಸೆಂಟರ್‌ಗೆ ಮೊದಲೇ ಹೇಳಿ. ಮೀಸೆಯಿರುವವರಿಗೆ ಮೂಗಿನ ಕೆಳಗಿನಿಂದ ನೀರು ಜಿನುಗುತ್ತದೆ. ಮೀಸೆಯ ಮೇಲಂಚನ್ನು ಒಂದು ಗೆರೆಯಷ್ಟು ಬೋಳಿಸಿಕೊಂಡರೆ ಆ ಕಾಟ ತಪ್ಪುತ್ತದೆ.

ನೀರಿನೊಳಗೆ ಎಡವುವ ಕಡೆಗಳು

ಕಿವಿ. ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಗುಂಯ್ ಅನ್ನುತ್ತದಲ್ಲ, ಇಡೀ ಘಾಟಿಯಲ್ಲಿ ಆಗುವಷ್ಟು ಒತ್ತಡದ ಬದಲಾವಣೆ ನೀರಿನಲ್ಲಿ ಹೆಚ್ಚುಕಡಿಮೆ ಒಂದೇ ಮೀಟರಿಗೆ ಆಗಿಬಿಡುತ್ತದೆ. ಹತ್ತು ಮೀಟರಿಗೆ ಒತ್ತಡ ಎರಡರಷ್ಟು. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದರೆ ಗಂಟಲಿನಿಂದ ಕಿವಿಗೆ ಹೋಗುವ ನಳಿಕೆ ತೆರೆದು ಗಾಳಿ ಒಳಹೋಗುತ್ತದೆ. ನೀರ ಮೇಲಿರುವಾಗಲೇ ಒಮ್ಮೆ ಮಾಡಿ, ಆಮೇಲೆ ಪ್ರತಿ ಅರ್ಧ ಮೀಟರಿಗೊಮ್ಮೆ. ನೋವು ಬರುವವರೆಗೆ ಕಾದವರಿಗೆ ನಳಿಕೆ ಒತ್ತಡಕ್ಕೆ ಮುಚ್ಚಿಕೊಂಡಿರುತ್ತದೆ, ಆಗ ಜೋರಾಗಿ ಊದಿದರೆ ಪೆಟ್ಟಾಗುತ್ತದೆ. ಕಿವಿ ತೆರೆಯದಿದ್ದರೆ ಕೈ ಸನ್ನೆಯಲ್ಲಿ ತಿಳಿಸಿ, ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಿ. ನೆಗಡಿಯಿದ್ದರೆ ಅಂದು ಇಳಿಯಬೇಡಿ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದವರಿಗೆ ಅದರ ಪ್ರಭಾವ ತಳದಲ್ಲಿರುವಾಗಲೇ ಇಳಿದುಹೋದರೆ, ಮೇಲೆ ಬರುವಾಗ ಗಾಳಿ ಕಿವಿಯೊಳಗೇ ಸಿಕ್ಕಿಕೊಳ್ಳುತ್ತದೆ.

ಮಾಸ್ಕ್‌ನ ನೀರು ಹೊರಹಾಕುವುದು. ಮಾಸ್ಕ್‌ನ ಮೇಲಂಚನ್ನು ಬೆರಳುಗಳಿಂದ ಹಣೆಗೆ ಒತ್ತಿಹಿಡಿಯಿರಿ, ಬಾಯಿಂದ ಉಸಿರೆಳೆದುಕೊಳ್ಳಿ, ಮೂಗಿನಿಂದ ನಿಧಾನವಾಗಿ ಊದುತ್ತ ಗದ್ದ ಮೇಲೆತ್ತಿ. ಒಳಗಿನ ಗಾಳಿ ಮೇಲೆ ತುಂಬಿ ನೀರು ಕೆಳಗಿನಿಂದ ಹೊರಹೋಗುತ್ತದೆ. ಊದುವ ಮೊದಲೇ ಗದ್ದ ಎತ್ತಿದರೆ ನೀರು ಮೂಗಿಗೆ ನುಗ್ಗುತ್ತದೆ, ಹೊಸಬರ ಗಾಬರಿಗೆ ಬಹುಪಾಲು ಇದೇ ಕಾರಣ.

ಸಿಲಿಂಡರ್. ಇಳಿಯುವ ಮುಂಚೆ ಒತ್ತಡದ ಗೇಜನ್ನು ನೋಡುತ್ತ, ಬಾಯಲ್ಲಿ ಕಚ್ಚಿ ಉಸಿರಾಡುವ ರೆಗ್ಯುಲೇಟರ್‌ನಿಂದ ಮೂರು ಸಲ ದೀರ್ಘ ಉಸಿರೆಳೆಯಿರಿ. 200 ಬಾರ್ (ಒತ್ತಡದ ಅಳತೆ) ಹತ್ತಿರ ಮುಳ್ಳು ಅಲುಗದೆ ನಿಂತಿರಬೇಕು. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮತ್ತೆ ಏರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಮೇಲೆ ಉಸಿರಾಟಕ್ಕೆ ಏನೂ ತೊಂದರೆ ಕಾಣದಿದ್ದರೂ ಆಳದಲ್ಲಿ ಗಾಳಿ ಸಾಲದಾಗುತ್ತದೆ. ಗಾಳಿಗೆ ಎಣ್ಣೆ ಅಥವಾ ಹೊಗೆಯ ವಾಸನೆಯಿದ್ದರೆ ಆ ಸಿಲಿಂಡರ್ ವಾಪಸ್ ಕೊಡಿ.

ಗಾಳಿಯ ಲೆಕ್ಕ. ಮಾಮೂಲಿ ಅಲ್ಯುಮಿನಿಯಂ ಸಿಲಿಂಡರ್ 11 ಲೀಟರಿನದು. 50 ಬಾರ್ ಉಳಿಸಿ ಮೇಲೆ ಬರಬೇಕಾದ್ದರಿಂದ ಬಳಸಲು ಸಿಗುವುದು 150 ಬಾರ್, ಅಂದರೆ 1,650 ಲೀಟರ್. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಹತ್ತು ಮೀಟರ್ ಆಳದಲ್ಲಿ 40 ಲೀಟರ್ ಬೇಕು, ಹಾಗಾಗಿ 41 ನಿಮಿಷ. ಗಾಬರಿಯಲ್ಲಿ ಏದುಸಿರು ಬಿಡುವವರಿಗೆ 25 ನಿಮಿಷವೂ ಬಾರದು. ಕೈಯಾಡಿಸಿ ಈಜುವುದನ್ನು ನಿಲ್ಲಿಸಿ. ಕೈ ಕಟ್ಟಿಕೊಂಡು, ಕಾಲಿನಿಂದ ಮಾತ್ರ ನಿಧಾನವಾಗಿ ಮುಂದುವರಿಯಿರಿ.

ತೂಕ. ಕೆಲವು ಇನ್‌ಸ್ಟ್ರಕ್ಟರ್‌ಗಳು ಹೊಸಬರು ತೇಲಿಹೋಗದಿರಲೆಂದು ಸೊಂಟಕ್ಕೆ ಸೀಸ ಜಾಸ್ತಿಯೇ ಕಟ್ಟುತ್ತಾರೆ. ಗಾಳಿ ತುಂಬುವ ಜಾಕೆಟ್ಟಾದ ಬಿಸಿಡಿಯ ಗಾಳಿ ಪೂರ್ತಿ ಬಿಟ್ಟು, ಮಾಮೂಲಿ ಒಂದು ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ನೇರ ಮುಳುಗಿದರೆ ಒಂದು ಕಿಲೋ ತೆಗೆಸಿ. ಉಸಿರು ಹಿಡಿಯುವುದು ನೀರ ಮೇಲಿನ ಈ ಪರೀಕ್ಷೆಗೆ ಮಾತ್ರ. ನೀರಿನೊಳಗೆ ಉಸಿರು ಬಿಗಿಹಿಡಿಯಲೇಬಾರದು. ಹತ್ತು ಮೀಟರಿನಿಂದ ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶದ ಗಾಳಿ ಇಮ್ಮಡಿಯಾಗಲು ನೋಡುತ್ತದೆ. ಮೇಲೇರುವಾಗ ನಿಮಿಷಕ್ಕೆ ಒಂಬತ್ತು ಮೀಟರ್‌ಗಿಂತ ವೇಗ ಬೇಡ, 5 ಮೀಟರ್‌ನಲ್ಲಿ ಮೂರು ನಿಮಿಷ ನಿಂತು ಬನ್ನಿ.

ದೋಣಿಯಲ್ಲಿ ಹೊಟ್ಟೆ ತೊಳಸುವವರು ವಾಂತಿ ತಡೆಯುವ ಮಾತ್ರೆಯನ್ನು ಡಾಕ್ಟರಿಗೆ ಕೇಳಿ, ಊರಲ್ಲೇ ಒಮ್ಮೆ ತೆಗೆದುಕೊಂಡು ನೋಡಿ. ಕೆಲವು ಮಾತ್ರೆ ನಿದ್ದೆ ತರಿಸುತ್ತವೆ, ನಿದ್ದೆಗಣ್ಣಲ್ಲಿ ಡೈವ್ ಮಾಡುವಂತಿಲ್ಲ.

ವಿಮಾನ, ಮತ್ತೆ ಘಟ್ಟ

ಆಳದಲ್ಲಿ ಉಸಿರಾಡಿದ ನೈಟ್ರೋಜನ್ ದೇಹದಲ್ಲಿ ಕರಗಿ ಉಳಿದಿರುತ್ತದೆ. ಬೇಗನೆ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಿ ಕೀಲು ನೋವಿನಿಂದ ಹಿಡಿದು ಲಕ್ವದವರೆಗೆ ತೊಂದರೆ ಕೊಡಬಹುದು. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ನಾವು 24 ಎಂದೇ ಲೆಕ್ಕ ಹಾಕುತ್ತೇವೆ. ಮೇಲಿನ ವೇಳಾಪಟ್ಟಿಯಲ್ಲಿ 6ನೇ ದಿನ ಡೈವ್ ಇಲ್ಲದಿರುವುದು ಇದಕ್ಕೇ.

ವಿಮಾನದ ನಿಯಮ ಎಲ್ಲರಿಗೂ ಗೊತ್ತು, ಘಟ್ಟದ್ದು ಗೊತ್ತಿಲ್ಲ. ಈ ಗಂಟೆಗಳ ಲೆಕ್ಕ ಸುಮಾರು 600 ಮೀಟರ್‌ಗಿಂತ ಮೇಲಿನ ಎತ್ತರಕ್ಕೆಲ್ಲ ಅನ್ವಯ. ಬೆಂಗಳೂರು ಇರುವುದೇ 900 ಮೀಟರ್ ಮೇಲೆ. ನೇತ್ರಾಣಿಯಲ್ಲಿ ಮಧ್ಯಾಹ್ನ ಡೈವ್ ಮುಗಿಸಿ ಅಂದೇ ಸಂಜೆ ಬಸ್ಸು ಹತ್ತುವವರು ಹತ್ತು ಗಂಟೆಯೊಳಗೇ ಘಟ್ಟದ ಮೇಲಿರುತ್ತಾರೆ. ಆಳ ಕಡಿಮೆಯಿರುವುದರಿಂದ ಬಹುತೇಕರಿಗೆ ಏನೂ ಆಗುವುದಿಲ್ಲ, ಆದರೂ ಮುರುಡೇಶ್ವರದಲ್ಲಿ ಒಂದು ರಾತ್ರಿ ಉಳಿದು ಮರುದಿನ ಹೊರಡುವುದು ಸರಿ.

ಡೈವ್ ಆದ ಮೇಲೆ ಕೀಲು ನೋವು, ಜೋಮು, ತಲೆಸುತ್ತು, ವಿಪರೀತ ಸುಸ್ತು ಕಂಡರೆ ಮಲಗಿದರೆ ಹೋಗುತ್ತದೆಂದು ಸುಮ್ಮನಿರಬೇಡಿ. ಸೆಂಟರ್‌ಗೆ ತಿಳಿಸಿ, ಆಮ್ಲಜನಕ ಕೇಳಿ. ಇದಕ್ಕೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ ಪೋರ್ಟ್ ಬ್ಲೇರ್‌ನ ನೌಕಾಪಡೆಯ ಆಸ್ಪತ್ರೆ ಐಎನ್‌ಎಚ್‌ಎಸ್ ಧನ್ವಂತರಿಯಲ್ಲಿದೆ.

ಬ್ಯಾಗ್ ಕಟ್ಟುವಾಗ ದಡದಲ್ಲಿ ಆರಿಸಿದ ಹವಳದ ತುಂಡು ಒಂದೂ ಒಳಗಿರಬಾರದು. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ, ಸತ್ತು ಬಿಳಿಚಿದ ತುಂಡೂ ಅದರೊಳಗೇ ಬರುತ್ತದೆ. ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಸಿಕ್ಕಿಬಿದ್ದರೆ ವಿಮಾನ ತಪ್ಪುವುದಲ್ಲದೆ ಕೇಸೂ ಆಗಬಹುದು. ಲಾಗ್‌ಬುಕ್‌ನಲ್ಲಿ ಪ್ರತಿ ಡೈವ್‌ನ ಆಳ, ನಿಮಿಷ, ಕಟ್ಟಿದ ಸೀಸದ ತೂಕ ಬರೆದು ಇನ್‌ಸ್ಟ್ರಕ್ಟರ್ ಸಹಿ ಹಾಕಿಸಿಕೊಳ್ಳಿ. ಮುಂದಿನ ಡೈವ್‌ಗೆ ಆರು ತಿಂಗಳಿಗಿಂತ ಹೆಚ್ಚು ಅಂತರವಾದರೆ ಮೊದಲು ಅರ್ಧ ದಿನದ ರಿಫ್ರೆಶರ್ ಮಾಡಿಸಿ, ಆಮೇಲೆ ಆಳಕ್ಕೆ ಇಳಿಯಿರಿ.